ಅಜ್ಜಿ ಏಳುವ ದೃಶ್ಯ

ಜುಲೈ 7, ಸೋಮವಾರ

ಇವತ್ತಿನಿಂದ ನಾನು ಕಾರ್ಟೂನ್ ಕಂಪನಿಯ ನೌಕರಳು. ಹದಿನಾಲ್ಕು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟ ಮೇಲೆ, "ಈ ವರ್ಷದಿಂದ ಸೈನ್ಸ್ ಇಲ್ಲ ಮೇಡಂ, ಎಲ್ಲಾ ಕಾಮರ್ಸೇ" ಎಂದು ಕಾಲೇಜಿನವರು ಶಾಲು ಹೊದಿಸಿ, ಕೈಗೆ ಎರಡು ಸೇಬು ಕೊಟ್ಟು ಕಳಿಸಿದರು. ನ್ಯೂಟನ್ನನಿಗೆ ಸಿಕ್ಕಿದ್ದು ಒಂದೇ ಸೇಬು. ನಾನು ದೂರುವ ಹಾಗಿಲ್ಲ.

ಕೆಲಸ ಕೊಟ್ಟವನು ಪ್ರಕಾಶ. ನನ್ನ ಮೊದಲ ಬ್ಯಾಚಿನ ವಿದ್ಯಾರ್ಥಿ. ನನ್ನ ವಿಷಯದಲ್ಲೇ ಎರಡು ಸಲ ಡುಮ್ಕಿ ಹೊಡೆದು ನನಗೆ ಕೀರ್ತಿ ತಂದವನು. ಈಗ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಕೆಳಗೆ ಗೂಡು ಬೇಯುತ್ತದೆ, ಮೇಲೆ ಕಲೆ ಬೇಯುತ್ತದೆ. ಮೂಗಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಚನ್ನಪಟ್ಟಣದ ಮರದ ಬೊಂಬೆಗಳು ಮನುಷ್ಯರ ಹಾಗೆ ಬದುಕುವ ಒಂದು ಕಾರ್ಟೂನು ಮಾಡುತ್ತಿದ್ದಾರೆ. ಬೆಂಗಳೂರಿನ ಮಕ್ಕಳ ಚಾನೆಲ್ಲಿನವರು ಮಾದರಿ ನೋಡಿ, "ನಿಮ್ಮ ಬೊಂಬೆಗಳಿಗೆ ತೂಕವೇ ಇಲ್ಲ, ಎಲ್ಲಾ ತೇಲ್ತಾವೆ" ಅಂದರಂತೆ. ಹಾಗಾಗಿ ನಾನು. ಇಲ್ಲದ ಬೊಂಬೆಗೆ ಇಲ್ಲದ ತೂಕ ತುಂಬುವ ಉದ್ಯೋಗ. ನಿರುದ್ಯೋಗಕ್ಕಿಂತ ಒಂದು ಮೆಟ್ಟಿಲು ಮೇಲೆ.

ಮನೆಯಲ್ಲಿ ಅವ್ವ. ಮೇ ತಿಂಗಳಲ್ಲಿ ಅಟ್ಟದ ಮೇಲಿನ ಚಂದ್ರಿಕೆ ಇಳಿಸಲು ಹೋಗಿ ಮುಗ್ಗರಿಸಿ ಬಿದ್ದಳು. ನಾವು ರೇಷ್ಮೆ ಹುಳು ಸಾಕುವುದು ಬಿಟ್ಟು ಯಾವ ಕಾಲವಾಯಿತು. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆ ಅವಳಿಗೆ ಯಾಕೆ ಬೇಕಿತ್ತೋ, ಶ್ರೀಮತಿ ಗಂಗಲಕ್ಷ್ಮಮ್ಮನವರು ಇನ್ನೂ ಬಾಯಿ ಬಿಟ್ಟಿಲ್ಲ. ತೊಡೆಯ ಮೂಳೆ ಮುರಿದು ರಾಡು ಹಾಕಿದ್ದಾರೆ. ಮೂಳೆ ಕೂಡಿದೆ, ಕಾಲೂರಬಹುದು, ಊರಲೇಬೇಕು ಎಂದು ಡಾಕ್ಟರು. ಆಗಸ್ಟ್ ಹದಿನಾಲ್ಕಕ್ಕೆ ಮತ್ತೆ ತೋರಿಸಬೇಕು. ಅಷ್ಟರಲ್ಲಿ ಎದ್ದು ನಿಲ್ಲದಿದ್ದರೆ ಕಾಲಿನ ಕಸುವು ಹೋಗಿ ಮಂಚವೇ ಗತಿ ಎಂದು ಅವಳ ಎದುರೇ ಹೇಳಿದರು. ಅವ್ವ ತಲೆಯಾಡಿಸಿದಳು, ಮನೆಗೆ ಬಂದು ಮಲಗಿದಳು. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿಯನ್ನು ಎರಡನೇ ದಿನವೇ ಬೈದು ಓಡಿಸಿದಳು. ಹಗಲು ಪಕ್ಕದ ಮನೆಯ ಮುನ್ನೀ ನೋಡಿಕೊಳ್ಳುತ್ತಾಳೆ, ಬೆಳಿಗ್ಗೆ ಸಂಜೆ ನಾನು ಎಬ್ಬಿಸಲು ಹೋರಾಡುತ್ತೇನೆ. ಮಹಾರಾಣಿ ಏಳುವುದಿಲ್ಲ.

ಜುಲೈ 9, ಬುಧವಾರ

ಸ್ಟುಡಿಯೋದ ಮುಖ್ಯ ಕಲಾವಿದ ಸಾಬೀರ್. ಚನ್ನಪಟ್ಟಣದ ಹುಡುಗ, ಅಪ್ಪ ರಸೂಲ್ ಸಾಹೇಬರು ಲೇತಿನ ಮುಂದೆ ಕೂತು ಬೊಂಬೆ ಕಡೆಯುವವರು. ಇವನಿಗೆ ಕೈ ಚೆನ್ನಾಗಿದೆ, ನಗು ಚೆನ್ನಾಗಿದೆ. ಗುರುತ್ವಾಕರ್ಷಣೆಯ ಪರಿಚಯ ಮಾತ್ರ ಇದ್ದಂತಿಲ್ಲ.

ಒಂದು ಚೆಂಡು ಪುಟಿಸಿ ತೋರಿಸಿದ. ಮೊದಲ ಸಲ ಎಷ್ಟೆತ್ತರ ಹಾರಿತೋ ಕೊನೆಯ ಸಲವೂ ಅಷ್ಟೇ ಎತ್ತರ.

"ಇದಕ್ಕೆ ಸುಸ್ತೇ ಆಗೋದಿಲ್ವೇನಪ್ಪಾ?" ಅಂದೆ.

"ಕಾರ್ಟೂನ್ ಚೆಂಡಲ್ವಾ ಮೇಡಂ."

"ನೋಡೋ ಮಗು ಕಾರ್ಟೂನ್ ಮಗು ಅಲ್ವಲ್ಲ."

ಚೆಂಡು ಬೀಳುವಾಗಲೂ ಪ್ರತಿ ಚಿತ್ರಕ್ಕೆ ಒಂದೇ ಅಂತರ ಇಟ್ಟಿದ್ದ, ಲಿಫ್ಟಿನಲ್ಲಿ ಇಳಿಯುವ ಹಾಗೆ. ಬೀಳುವ ವಸ್ತು ಹೊತ್ತು ಹೋದಂತೆ ಜೋರಾಗುತ್ತದೆ. ಸಮ ಸಮ ಹೊತ್ತಿನಲ್ಲಿ ಮೊದಲು ಒಂದು ಪಾಲು ಬಿದ್ದರೆ, ಆಮೇಲೆ ಮೂರು, ಐದು, ಏಳು ಎಂದು ಬೋರ್ಡಿನ ಮೇಲೆ ಬರೆದೆ. ನೋಡಿ, "ಇದು ರಂಗೋಲಿ ಚುಕ್ಕಿ ಲೆಕ್ಕ ಮೇಡಂ! ಹಬ್ಬದ ದಿನ ನಮ್ಮ ಬೀದೀಲಿ ಹಾಕ್ತಾರಲ್ಲ" ಅಂದ. ಹದಿನಾಲ್ಕು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಹೇಳಲಿಲ್ಲ, ಅವನ ತಲೆ ತಿರುಗೀತು. ಮಧ್ಯಾಹ್ನದ ಹೊತ್ತಿಗೆ ಚೆಂಡು ಸರಿಯಾಗಿ ಬಿತ್ತು.

ಒಂದು ಚೆಂಡು ಬೀಳಿಸಲು ಇಡೀ ದಿನ. ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವವರಿದ್ದಾರೆ ಎಂದು ಗೊತ್ತಿದ್ದರೆ ಹುಟ್ಟುವ ಮೊದಲೇ ಅರ್ಜಿ ಹಾಕುತ್ತಿದ್ದೆ.

ಜುಲೈ 14, ಸೋಮವಾರ

ಸಾಬೀರನ ರೋಗದ ಮೂಲ ಸಿಕ್ಕಿತು. ಅವನ ಬೊಂಬೆ ಶೆಲ್ಫಿನಿಂದ ಪಲ್ಟಿ ಹೊಡೆದು ಬೀಳಬೇಕು. ದಪ್ಪ ತಲೆಯ ಬೊಂಬೆ. ಆದರೆ ಅದು ಸರಿಯಾಗಿ ಅರ್ಧದಲ್ಲಿ ಮೊಳೆ ಹೊಡೆದ ಹಾಗೆ ತಿರುಗುತ್ತಿತ್ತು. ನಡೆದರೂ ಹಾಗೆ, ಬಗ್ಗಿದರೂ ಹಾಗೆ. ಎಲ್ಲದರ ನಟ್ಟ ನಡುವೆ ಒಂದು ಕಂಬಿ ಇದ್ದಂತೆ. ಇರುವುದು ಸಹಜ. ಅಂಬೆಗಾಲಿಡುವಾಗಿನಿಂದ ಅವನು ನೋಡಿದ್ದು ಲೇತಿಗೆ ಸಿಕ್ಕಿಸಿದ ಮರ. ಅಲ್ಲಿ ಆನೆಯಾಗುವುದೂ ಅರಸಾಗುವುದೂ ನಡುವಿನ ಗೆರೆಯ ಸುತ್ತಲೇ ತಿರುಗಬೇಕು. ಬೇರೆ ಊರಿನ ಕಲಾವಿದ ಈ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಮಾಡಲಾರ.

ಮೂಲೆಯಲ್ಲಿದ್ದ ಪೊರಕೆ ತೆಗೆದು ಬೆರಳ ಮೇಲೆ ತೂಗಿಸಿದೆ. ಅದು ನಿಂತದ್ದು ಅರ್ಧದಲ್ಲಲ್ಲ, ಭಾರವಿರುವ ಕಡೆಗೆ ಸರಿದು. "ವಸ್ತು ತಿರುಗೋದು ಈ ಜಾಗದ ಸುತ್ತ, ಉದ್ದದ ಮಧ್ಯದ ಸುತ್ತ ಅಲ್ಲ" ಎಂದು ಹೇಳಿ ಅದನ್ನು ಗಾಳಿಯಲ್ಲಿ ಎಸೆದೂ ತೋರಿಸಿದೆ. ಪೊರಕೆ ಶಾಸ್ತ್ರಬದ್ಧವಾಗಿ ಪಲ್ಟಿ ಹೊಡೆದು ಪ್ರಕಾಶನ ಟೀ ಲೋಟದ ಮೇಲೆ ಬಿತ್ತು.

"ಸೋಮವಾರ ಬೆಳಿಗ್ಗೆ ಪೊರಕೆ ಎಸೀತೀರಲ್ಲ ಮೇಡಂ!" ಎಂದು ಪ್ರಕಾಶ ಎದೆ ಮೇಲೆ ಕೈಯಿಟ್ಟುಕೊಂಡ. ಭೌತಶಾಸ್ತ್ರದಲ್ಲಿ ಡುಮ್ಕಿ, ಶಕುನದಲ್ಲಿ ರ‍್ಯಾಂಕು.

ಜುಲೈ 17, ಗುರುವಾರ

ಕಾರ್ಟೂನಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಜಗಲಿಯ ಅಂಚಿನಲ್ಲಿ ಕೂತವಳು ಎದ್ದು ಒಳಗೆ ಹೋಗಬೇಕು. ಅಷ್ಟೇ ದೃಶ್ಯ. ಚಾನೆಲ್ಲಿನ ಪರವಾಗಿ ಒಪ್ಪಿಗೆ ಕೊಡುವವನು ಚೈತನ್ಯ ಎಂಬಾತ. ವಿಡಿಯೋ ಕಾಲಿನಲ್ಲಿ ಸದಾ ಆಕಳಿಸುತ್ತಾನೆ, ಹೆಸರಿಟ್ಟವರು ದೂರದೃಷ್ಟಿಯುಳ್ಳವರಲ್ಲ. ಅವನು ಈ ದೃಶ್ಯವನ್ನು ಮೂರನೇ ಸಲ ವಾಪಸು ಕಳಿಸಿದ. ನೋಡಿದರೆ ಅಜ್ಜಿ ನೆಟ್ಟಗೆ ಕೂತವಳು ನೆಟ್ಟಗೇ ಮೇಲೇಳುತ್ತಾಳೆ. ಅದೇ ಕಂಬಿ.

ಪಾಠ ಮಾಡುವ ಚಟ ಸುಲಭಕ್ಕೆ ಬಿಡುವುದಿಲ್ಲ. ಪ್ರಕಾಶನನ್ನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಹಣೆಗೆ ನನ್ನ ಒಂದು ಬೆರಳು ಒತ್ತಿ, "ಈಗ ಏಳು" ಅಂದೆ. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಕುರ್ಚಿ ಕಿರುಗುಟ್ಟಿತು. ಏಳಲಾಗಲಿಲ್ಲ. ಸಂಬಳ ಕೊಡುವವನನ್ನು ಒಂದು ಬೆರಳಲ್ಲಿ ಹಿಡಿದಿಡುವ ಸುಖ ಎಷ್ಟು ಜನಕ್ಕೆ ಸಿಕ್ಕೀತು!

"ನೋಡ್ರಪ್ಪಾ, ಕೂತಾಗ ಮೈಯ ಭಾರ ಪಾದದ ಹಿಂದೆ ಇರುತ್ತೆ. ಅದನ್ನ ಪಾದದ ಮೇಲೆ ತರದೆ ಭೂಮಿ ಮೇಲಿನ ಯಾವ ಪ್ರಾಣಿಯೂ ಏಳೋದಕ್ಕೆ ಆಗಲ್ಲ. ಪಾದ ಹಿಂದಕ್ಕೆ ಎಳ್ಕೋಬೇಕು, ತಲೆ ಮುಂದಕ್ಕೆ ಬರಬೇಕು. ಏಳೋದು ಅಂದ್ರೆ ಮೊದಲು ಒಂಚೂರು ಬೀಳೋದು" ಅಂದೆ. ಸಾಬೀರ್ ಈ ಕೊನೆಯ ವಾಕ್ಯವನ್ನು ಗೋಡೆಯ ಮೇಲೆ ಬರೆದುಕೊಂಡ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಅವ್ವನನ್ನು ಎಬ್ಬಿಸಲು ಮತ್ತೆ ಪ್ರಯತ್ನ. ಮಂಚದ ಅಂಚಿಗೆ ಕೂರಿಸಿ, "ಬೆನ್ನು ಬಗ್ಗಿಸಬೇಡ, ನೆಟ್ಟಗೆ ಕೂತ್ಕೊ" ಎಂದು ಹೇಳಿ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಎತ್ತಿದೆ. ಎಷ್ಟು ಎಳೆದರೂ ಊಹೂಂ. "ಬುಡೇ, ಸತ್ತೋಯ್ತೀನಿ" ಎಂದು ಕಿರುಚಿ ಹಿಂದಕ್ಕೆ ಒರಗಿದಳು. ನನ್ನ ಸೊಂಟ ಹಿಡಿದುಕೊಂಡಿದೆ. ಹಠಕ್ಕೆ ಮದ್ದಿಲ್ಲ.

ಜುಲೈ 20, ಭಾನುವಾರ

ಅವ್ವ ಏಳಲಿಲ್ಲ. ಹತ್ತು ಗಂಟೆಯವರೆಗೆ ನಾನೂ ಏಳಲಿಲ್ಲ.

ಜುಲೈ 22, ಮಂಗಳವಾರ

ಸಾಬೀರನ ಅಜ್ಜಿ ಈಗ ಪಾದ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಮುಂದಕ್ಕೆ ಬಾಗುತ್ತಾಳೆ, ಏಳುತ್ತಾಳೆ. ಈ ಕಲಾವಿದರ ಪದ್ಧತಿ ವಿಚಿತ್ರ. ಚಿತ್ರ ಬರೆಯುವ ಮೊದಲು ತಾವೇ ಅಭಿನಯಿಸಿ ಮೊಬೈಲಿನಲ್ಲಿ ಹಿಡಿಯುತ್ತಾರೆ. ಗಡ್ಡದ ಸಾಬೀರ್ ನನ್ನ ದುಪಟ್ಟಾ ತಲೆ ಮೇಲೆ ಹೊದ್ದು, ಕುರ್ಚಿಯಿಂದ "ಉಸ್ಸಪ್ಪಾ" ಎಂದು ಇಪ್ಪತ್ತು ಸಲ ಎದ್ದ. ಕೆಳಗಿನ ಕಾರ್ಖಾನೆಯ ಹೆಂಗಸರು ಮೆಟ್ಟಿಲಲ್ಲಿ ನಿಂತು ನಕ್ಕರು.

ನನ್ನ ಲೆಕ್ಕದಲ್ಲಿ ಎಲ್ಲಾ ಸರಿಯಾಗಿದೆ. ಭಾರದ ಗೆರೆ ಎಳೆದು ನೋಡಿದೆ, ಪಾದದ ಮೇಲೇ ಬೀಳುತ್ತದೆ. ಚೈತನ್ಯ ಮಾತ್ರ ಆಕಳಿಸಿ, "ತೂಕ ಬಂತು. ಆದ್ರೂ ಏನೋ ನಂಬಿಕೆ ಬರ್ತಿಲ್ಲ" ಅಂದ. ಏನೋ ಅಂದರೆ ಏನು? ನ್ಯೂಟನ್ನನ ಮೂರು ನಿಯಮಗಳಲ್ಲಿ 'ಏನೋ' ಎಂಬುದು ಎಲ್ಲೂ ಇಲ್ಲ. "ನಿಮ್ಮನೇಲಿ ಅವ್ವ ಇದಾರಲ್ಲ ಮೇಡಂ, ಒಂದ್ಸಲ ತೋರಿಸ್ಲಾ?" ಎಂದ ಸಾಬೀರ್. "ಅವಳು ಏಳೋದೇ ಇಲ್ಲ, ಏಳೋದನ್ನ ಏನು ಹೇಳ್ತಾಳೆ" ಅಂದೆ. ಶನಿವಾರ ಬರುತ್ತಾನಂತೆ.

ಜುಲೈ 26, ಶನಿವಾರ

ಸಾಬೀರ್ ಟ್ಯಾಬು ಹಿಡಿದು ಬಂದ. ಮಗಳು ಬಂದರೆ ಗೋಡೆ ಕಡೆ ತಿರುಗುವ ಅವ್ವ, ಅವನು ಬಂದ ಕೂಡಲೇ ದಿಂಬಿಗೆ ಒರಗಿ ಕೂತು, ತಲೆ ಸವರಿಕೊಂಡು, "ಕಾಪಿ ಕೊಡೇ ಮಗಿಗೆ" ಎಂದು ನನಗೆ ಅಪ್ಪಣೆ ಮಾಡಿದಳು. ಅವನು ಕಾರ್ಟೂನಿನ ಅಜ್ಜಿಯನ್ನು ತೋರಿಸಿದ. ಅವ್ವ ಕನ್ನಡಕ ಹಾಕಿ ಎರಡು ಸಲ ನೋಡಿದಳು.

"ಇವ್ಳು ಮುದುಕಿ ಅಲ್ಲ ಕಣಪ್ಪ. ಮುದುಕಿ ವೇಸ ಹಾಕಿರೋ ಹುಡ್ಗಿ."

"ಯಾಕವ್ವಾ? ಬಗ್ತಾಳೆ, ಕಾಲು ಹಿಂದಕ್ಕೆ ಎಳ್ಕೊತಾಳೆ, ಎಲ್ಲಾ ಮೇಡಂ ಹೇಳ್ದಂಗೇ ಮಾಡಿದೀನಿ."

"ಎಲ್ಲಾ ಮಾಡಿದ್ದೀಯ. ಹೆದ್ರಿಕೆ ಒಂದ ಮಡಗಿಲ್ಲ."

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ.

"ಒಂದ್ಸಾರಿ ಬಿದ್ದೋಳ್ಗೆ ನೆಲ ಅಂದ್ರೆ ನೆಲ ಅಲ್ಲ ಕಣ್ ಮಗ," ಅಂದಳು ಅವ್ವ. "ಒಸಿ ಮುಂದಕ್ಕೆ ಬಗ್ಗುದ್ರೆ ಸಾಕು, ಎದ್ದು ಬಂದ್ಬುಡ್ತದೆ ಮೊಕಕ್ಕೆ. ಆವತ್ತು ಬಂತಲ್ಲ, ಅಂಗೆ. ಅದ್ಕೇ ಇವ್ಳು ಅರ್ಧಕ್ಕೆ ನಿಂತ್ಕಬೇಕು. ನೆಲ ನೋಡ್ಬೇಕು. ಆಗಕಿಲ್ಲ ಅಂತ ಹಿಂದಕ್ಕೆ ಬರ್ಬೇಕು. ಆಮ್ಯಾಕೆ ಇನ್ನೊಂದ್ಸಾರಿ ನೋಡ್ಬೇಕು."

"ನೀವೇ ಒಂದ್ಸಲ ಮಾಡಿ ತೋರಿಸ್ತೀರಾ ಅವ್ವ?"

ಅವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ತುಂಬ ಹೊತ್ತು ಒರೆಸಿದಳು. "ನನ್ ಕೈಲಾಗಕಿಲ್ಲ ಕಣಪ್ಪ" ಅಂದಳು.

ಎರಡು ತಿಂಗಳಿಂದ ನನಗೆ "ಬುಡೇ", "ಓಗೇ", "ಸತ್ತೋಯ್ತೀನಿ" ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದು ಹೇಳಿರಲಿಲ್ಲ. ಸಾಬೀರನಿಗೆ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಹೇಳಿದಳು. ಕೆಲಸಕ್ಕೆ ಅನುಕೂಲವಾಯಿತು, ಅಷ್ಟೇ. ನನಗೇನೂ ಬೇಜಾರಿಲ್ಲ. ಅಡುಗೆಗೆ ಉಪ್ಪು ಹಾಕುವುದು ಮರೆತಿದ್ದೆ, ಅವ್ವ ಮಾತಾಡದೆ ಉಂಡಳು.

ಜುಲೈ 29, ಮಂಗಳವಾರ

ಅಜ್ಜಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಸಾಬೀರನಿಗೆ ಗೆರೆಚಿತ್ರ ಹಾಕಿಕೊಡುತ್ತಿದ್ದೆ. ಮುಂದೆ ಬಾಗುತ್ತಾ ಬಾಗುತ್ತಾ ಒಂದು ಜಾಗ ಬರುತ್ತದೆ. ಅಲ್ಲಿಯವರೆಗೆ ಮನಸ್ಸು ಬದಲಾಯಿಸಿ ಹಿಂದಕ್ಕೆ ಕೂರಬಹುದು. ಅಲ್ಲಿಂದಾಚೆಗೆ ಭಾರ ಪಾದದ ಮೇಲೆ ಬಂದುಬಿಡುತ್ತದೆ. ಏಳಬೇಕು, ಇಲ್ಲವೇ ಬೀಳಬೇಕು. ಹೆದರಿಕೆ ಇರುವುದು ಸರಿಯಾಗಿ ಅಲ್ಲೇ. ಅಜ್ಜಿಯನ್ನು ಅಲ್ಲಿ ನಿಲ್ಲಿಸು ಎಂದು ಗುರುತು ಹಾಕಿದೆ.

ಗುರುತು ಹಾಕಿದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಇನ್ನೊಂದು ಚಿತ್ರ ಬರೆದೆ: ಮಂಚದ ಅಂಚಿನಲ್ಲಿ ನೆಟ್ಟಗೆ ಕೂತ ಒಂದು ಹೆಂಗಸು, ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಜಗ್ಗುವ ಇನ್ನೊಂದು ಹೆಂಗಸು. ಭಾರದ ಗೆರೆ ಎಳೆದೆ. ಪಾದದಿಂದ ಒಂದು ಗೇಣು ಹಿಂದೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು, ಪೋಷಕರನ್ನು ಕರೆದುಕೊಂಡು ಬಾ ಅನ್ನುತ್ತಿದ್ದೆ. ನನ್ನ ಪೋಷಕಿ ಮಂಚದ ಮೇಲೆ ಇದ್ದಾಳೆ.

ಸಂಜೆ ಬಂದವಳು ಅವ್ವನ ಎದುರು ಮೋಟು ಸ್ಟೂಲು ಹಾಕಿ ಕೂತೆ.

"ಅವ್ವ, ಇವತ್ತು ನಾನು ಎಳೆಯೋದಿಲ್ಲ. ನೀನು ಮುಂದಕ್ಕೆ ಬಾಗು. ನನ್ನ ಮೇಲೆ ಬೀಳು."

"ನಿನ್ ಮ್ಯಾಲಾ? ನೀನೇ ಗರಿ ಇದ್ದಂಗಿದ್ದೀಯ."

"ಹಿಡ್ಕೊತೀನಿ."

"ಬುಟ್ಬುಟ್ರೆ?"

ಏನು ಹೇಳಲಿ? ಬಿಡುವುದಿಲ್ಲ ಅಂದೆ. ಅವ್ವ ನನ್ನ ಮುಖವನ್ನೇ ನೋಡಿದಳು, ಅಂಗಡಿಯವನು ಹರಿದ ನೋಟನ್ನು ತಿರುಗಿಸಿ ನೋಡುವ ಹಾಗೆ. ಒಂದಿಷ್ಟು ಬಾಗಿದಳು. ನೆಲ ನೋಡಿದಳು. ಹಿಂದಕ್ಕೆ ಹೋದಳು. ಇನ್ನೊಮ್ಮೆ ಕೇಳದೆ ಸ್ಟೂಲು ಎತ್ತಿಟ್ಟೆ.

ಆಗಸ್ಟ್ 1, ಶುಕ್ರವಾರ

ಇವತ್ತು ಅರ್ಧದವರೆಗೆ ಬಂದಳು. ನನ್ನ ರಟ್ಟೆ ಹಿಡಿದ ಜಾಗದಲ್ಲಿ ಅವಳ ಐದು ಬೆರಳೂ ಮೂಡಿವೆ. ಡಾಕ್ಟರ ದಿನ ಹತ್ತಿರ ಬರುತ್ತಿದೆ. ಅವಸರ ಮಾಡಲಿಲ್ಲ.

ಆಗಸ್ಟ್ 5, ಮಂಗಳವಾರ

ಅಜ್ಜಿಯ ದೃಶ್ಯ ಮುಗಿದು ಚೈತನ್ಯನಿಗೆ ಹೋಯಿತು. ಅಜ್ಜಿ ಬಾಗುತ್ತಾಳೆ, ನಿಲ್ಲುತ್ತಾಳೆ, ನೆಲ ನೋಡುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಆಮೇಲೆ ಸೆರಗು ಸರಿಮಾಡಿಕೊಂಡು ಮತ್ತೆ ಬಾಗಿ, ಈ ಸಲ ಏಳುತ್ತಾಳೆ. ಸಾಬೀರ್ ಅದ್ಭುತವಾಗಿ ಮಾಡಿದ್ದಾನೆ. ನೋಡುವಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು, ಪರದೆಯಲ್ಲಿರುವವಳನ್ನು ಹಿಡಿಯಲು. ಪ್ರಕಾಶ ನೋಡಿದ. ಸೊಳ್ಳೆ ಅಂದೆ.

ಚೈತನ್ಯನ ವಿಡಿಯೋ ಕರೆ ಬಂತು. "ಅಜ್ಜಿ ಏಳೋದಕ್ಕೆ ಇಷ್ಟು ಹೊತ್ತಾ? ಮಧ್ಯೆ ಸುಮ್ನೆ ನಿಂತುಬಿಡ್ತಾರಲ್ಲ, ಅದನ್ನ ತೆಗೀರಿ. ಮಕ್ಕಳಿಗೆ ಬೋರಾಗುತ್ತೆ."

"ಆಯ್ತು ಸರ್" ಎನ್ನಲು ಪ್ರಕಾಶನ ಬಾಯಿ ತೆರೆದಿತ್ತು. ನಾನು ನಡುವೆ ಬಾಯಿ ಹಾಕಿದೆ.

"ಸರ್, ನಿಮ್ಮನೇಲಿ ವಯಸ್ಸಾದೋರು ಇದಾರಾ?"

"ನಮ್ಮಜ್ಜಿ ಇದಾರೆ. ಯಾಕೆ?"

"ಅವರು ಕೂತಲ್ಲಿಂದ ಏಳೋದನ್ನ ಯಾವತ್ತಾದ್ರೂ ಪೂರ್ತಿ ನೋಡಿದೀರಾ?"

ಆಕಳಿಕೆ ಅರ್ಧಕ್ಕೇ ನಿಂತಿತು.

"ಯಾರೂ ನೋಡಲ್ಲ ಸರ್. ಎತ್ತಿ ನಿಲ್ಲಿಸಿ ನಮ್ಮ ಕೆಲಸಕ್ಕೆ ಹೋಗೋ ಅವಸರ. ಅವರು ಸುಮ್ನೆ ನಿಂತಿರಲ್ಲ. ಪ್ರಪಂಚದಲ್ಲಿರೋ ಧೈರ್ಯವನ್ನೆಲ್ಲ ಒಟ್ಟು ಮಾಡ್ಕೊತಾ ಇರ್ತಾರೆ. ಅದನ್ನ ತೆಗೆಯೋದಾದ್ರೆ ಜೊತೆಗೆ ನನ್ನನ್ನೂ ತೆಗೀರಿ."

ಮೇಜಿನ ಕೆಳಗೆ ಪ್ರಕಾಶ ನನ್ನ ಕಾಲು ತುಳಿದ. ಒಂದು ಕಾರ್ಟೂನು ಮುದುಕಿಗಾಗಿ ಕೆಲಸ ಪಣಕ್ಕಿಟ್ಟ ಮೊದಲ ಭೌತಶಾಸ್ತ್ರಜ್ಞೆ ನಾನೇ ಇರಬೇಕು. ಸಂಜೆ ಉತ್ತರ ಬಂತು: ಮಧ್ಯೆ ನಿಲ್ಲುವುದನ್ನು ಉಳಿಸಿಕೊಳ್ಳಿ, ಆದರೆ ಅರ್ಧದಷ್ಟು ಹೊತ್ತು ಮಾತ್ರ. ಅರ್ಧ ಹೆದರಿಕೆಗೆ ಸರ್ಕಾರಿ ಮಂಜೂರಾತಿ ಸಿಕ್ಕ ಹಾಗಾಯಿತು. ಸಾಬೀರ್ ಮೈಸೂರು ಪಾಕ್ ತಂದ. ಅವ್ವನಿಗೆ ಎಂದು ಒಂದು ತುಂಡು ಕಟ್ಟಿಸಿಕೊಂಡು ಬಂದೆ.

ಆಗಸ್ಟ್ 10, ಭಾನುವಾರ

ಬೆಳಿಗ್ಗೆ ಅವ್ವನೇ ಕರೆದಳು. "ಬಾರೇ, ಸ್ಟೂಲ್ ಹಾಕು" ಅಂದಳು. ಬಚ್ಚಲಲ್ಲಿ ಬಟ್ಟೆ ನೆನೆಸುತ್ತಿದ್ದವಳು ಕೈ ಒರೆಸಿಕೊಳ್ಳದೆ ಓಡಿದೆ.

ಮಂಚದ ಅಂಚಿಗೆ ಜರುಗಿ ಕೂತಿದ್ದಳು. ನಾನು ಎದುರಿಗೆ ಸ್ಟೂಲು ಹಾಕಿ ಕೂತೆ. ಪಾದ ಹಿಂದಕ್ಕೆ ಎಳೆದುಕೊಂಡಳು. ಬಾಗಿದಳು. ನಾನು ಗುರುತು ಹಾಕಿದ್ದೆನಲ್ಲ, ಅದೇ ಜಾಗದಲ್ಲಿ ನಿಂತಳು. ನೆಲ ನೋಡುತ್ತಿದ್ದಳು. ಬಾ ಅವ್ವ, ಇನ್ನೊಂಚೂರು, ಏನೂ ಆಗಲ್ಲ ಎಂದೆಲ್ಲ ಹೇಳಬೇಕೆನಿಸಿತು. ಹೇಳಲಿಲ್ಲ. ಅವಳ ಉಸಿರು ನನ್ನ ಕೈ ಮೇಲೆ ಬಿಸಿಯಾಗಿ ಬೀಳುತ್ತಿತ್ತು. ಗೋಡೆಯಾಚೆ ಮುನ್ನೀ ಯಾರಿಗೋ ಬೈಯುತ್ತಿದ್ದಳು.

ಆಮೇಲೆ ಅವ್ವ ಕಣ್ಣು ಮುಚ್ಚಿಕೊಂಡು ನನ್ನ ಮೇಲೆ ಬಿದ್ದಳು. ಅವಳ ಹಣೆ ನನ್ನ ಹೆಗಲಿಗೆ ಬಂತು, ಎರಡೂ ಕೈ ಕುತ್ತಿಗೆಗೆ ಬಂದವು, ಮೈಯ ಪೂರ್ತಿ ಭಾರ ಬಂತು. ಎಷ್ಟು ಹಗುರಾಗಿದ್ದಳು! ನಾನು ಎತ್ತಲಿಲ್ಲ. ಜೊತೆಗೆ ಏಳುತ್ತಾ ಹೋದೆ, ಅಷ್ಟೇ. ನೋಡಿದರೆ ನಾವಿಬ್ಬರೂ ನಿಂತಿದ್ದೆವು.

"ಯಾಕೆ ಮಮತಾ, ಇಂಗೆ ನಡುಗ್ತಾ ಇದ್ದೀಯ?" ಅಂದಳು.

"ನಾನಲ್ಲ, ನೀನು."

"ನಾನು ನೆಟ್ಟಗೆ ನಿಂತಿವ್ನಿ ಕಣೆ. ನಡುಗ್ತಿರೋಳು ನೀನು. ಬಾ, ಒಸಿ ಇಡ್ಕೊ ನನ್ನ."

ಕ್ರಿಯೆಗೆ ಪ್ರತಿಕ್ರಿಯೆ, ಸ್ನಾಯುಗಳ ಆಯಾಸ ಎಂದು ಏನೋ ಹೇಳಹೋದೆ. ಎಷ್ಟು ದಿನದಿಂದ ತಡೆದಿಟ್ಟಿದ್ದೆನೋ, ಅವಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಚಿಕ್ಕ ಹುಡುಗಿಯ ಹಾಗೆ, ಮೂಗು ಸುರಿಸಿಕೊಂಡು ಅತ್ತೆ. ಅವ್ವ ಒಂದು ಕೈ ಬಿಡಿಸಿಕೊಂಡು ನನ್ನ ಬೆನ್ನು ತಟ್ಟುತ್ತಿದ್ದಳು. ನನ್ನ ಅಳು ನಿಲ್ಲುವವರೆಗೂ ಅವ್ವ ನಿಂತೇ ಇದ್ದಳು.